ಪ್ಯಾರಿಸ್ಸಿನ ಅಡಿಯ ಬಿಸಿನೀರು



ನೆಲದೊಳಗಿನ ಬಿಸಿನೀರು ಎಂದೊಡನೆ ನಮಗೆ ಪುತ್ತೂರು ಕಡೆಯ ಬೆಂದ್ರು ತೀರ್ಥವೋ ಹಿಮಾಚಲದ ಮಣಿಕರಣವೋ ನೆನಪಾಗುತ್ತದೆ. ಪ್ಯಾರಿಸ್ಸಿನ ಆಸುಪಾಸಿನಲ್ಲಿ ಅಂಥ ಬಿಸಿ ಬುಗ್ಗೆಗಳಿಲ್ಲ, ಜ್ವಾಲಾಮುಖಿಯಂತೂ ಇಲ್ಲವೇ ಇಲ್ಲ. ಆದರೂ ಅಲ್ಲಿನ ಉಪನಗರಗಳ ಸಾವಿರಾರು ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಪಾತಾಳದ ನೀರು.

ಒಂದೂವರೆ ಎರಡು ಕಿಲೋಮೀಟರ್ ಆಳದಲ್ಲಿ ಡಾಗರ್ ಎಂಬ ಸುಣ್ಣಕಲ್ಲಿನ ಪದರವಿದೆ. ಡೈನೋಸಾರ್‌ಗಳ ಕಾಲದಲ್ಲಿ ಅಲ್ಲಿದ್ದ ಸಮುದ್ರದ ತಳ ಅದು. ಆ ಕಲ್ಲಿನಲ್ಲಿ ತುಂಬಿರುವ ನೀರಿನ ಬಿಸಿ 55ರಿಂದ 80 ಡಿಗ್ರಿ. ಆಳಕ್ಕೆ ಇಳಿದಂತೆ ಶಾಖ ಎಲ್ಲ ಕಡೆಯೂ ಏರುತ್ತದೆ. ಆದರೆ ಅದನ್ನು ಹೊತ್ತು ತರಲು ನೀರು ಬೇಕು, ನೀರು ಹರಿಯಲು ಕಲ್ಲಿನೊಳಗೆ ದಾರಿಯೂ ಬೇಕು. ನಮ್ಮ ಗಟ್ಟಿ ಬಂಡೆಯಲ್ಲಿ ಕೊಳವೆಬಾವಿ ಕೊರೆಸಿ ಬರಿಗೈಲಿ ಕೂತವರಿಗೆ ಆ ದಾರಿಯ ಬೆಲೆ ನಾನು ಹೇಳಬೇಕಿಲ್ಲ.

1969ರಲ್ಲಿ ಪ್ಯಾರಿಸ್ಸಿನ ಆಗ್ನೇಯಕ್ಕಿರುವ ಮೆಲೂನ್ ಪಟ್ಟಣದಲ್ಲಿ ಈ ನೀರನ್ನು ಮನೆಗಳ ಕಾವಿಗೆ ಬಳಸತೊಡಗಿದರು. ತೊಡಕಿದ್ದದ್ದು ಉಪ್ಪಿನದು. ಡಾಗರ್ ನೀರು ಕೆಲವೆಡೆ ಸಮುದ್ರದಷ್ಟೇ ಉಪ್ಪು. ಬಳಸಿ ನದಿಗೆ ಬಿಟ್ಟರೆ ನದಿ ಕೆಡುತ್ತದೆ. ಹಾಗಾಗಿ ಬಾವಿಗಳನ್ನು ಜೋಡಿಯಾಗಿ ಕೊರೆದರು. ಒಂದರಿಂದ ನೀರು ಮೇಲೆ ಬರುತ್ತದೆ, ಟೈಟೇನಿಯಂ ತಗಡುಗಳ ಆಚೆ ಹರಿಯುವ ಸಿಹಿನೀರಿಗೆ ತನ್ನ ಶಾಖವನ್ನು ಕೊಡುತ್ತದೆ, ಇನ್ನೊಂದರಿಂದ ಅದೇ ಪದರಕ್ಕೆ ಮರಳುತ್ತದೆ. ಮನೆಮನೆಗೆ ಹೋಗುವುದು ಆ ಸಿಹಿನೀರು ಮಾತ್ರ. ತೆಗೆದುಕೊಂಡದ್ದು ಶಾಖವನ್ನಷ್ಟೇ, ನೀರು ಅಲ್ಲಿಯದು ಅಲ್ಲಿಗೇ. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ದೊಡ್ಡದೆನಿಸುವುದು ಈ ಮರಳಿಸುವ ಬಾವಿ. ಪದರದ ಒತ್ತಡ ಕುಸಿಯದೆ ಉಳಿದಿರುವುದೂ ಅದರಿಂದಲೇ.

ಮರಳಿಸುವುದಕ್ಕೂ ಲೆಕ್ಕ ಬೇಕು. ತಣಿದ ನೀರು ಕಲ್ಲಿನೊಳಗೇ ಹರಡುತ್ತ ಒಂದು ದಿನ ಮೊದಲ ಬಾವಿಯನ್ನು ಮುಟ್ಟಿದರೆ ಬಿಸಿ ಇಳಿಯತೊಡಗುತ್ತದೆ. ಅದಕ್ಕೇ ಎರಡೂ ಬಾವಿಗಳ ಬಾಯಿ ಮೇಲೆ ಒಂದೇ ಅಂಗಳದಲ್ಲಿದ್ದರೂ ಕೊರೆತವನ್ನು ಓರೆಯಾಗಿಸಿ ತಳದಲ್ಲಿ ಕಿಲೋಮೀಟರಿನಷ್ಟು ಅಂತರವಿಡುತ್ತಾರೆ.

ಎಪ್ಪತ್ತರ ದಶಕದ ತೈಲ ಬಿಕ್ಕಟ್ಟಿನ ತರುವಾಯ ಇಂಥ ಜೋಡಿಗಳು ಹತ್ತಾರು ಬಂದವು. ಮೊದಲ ಬಾವಿಯಲ್ಲಿ ಸಾಕಷ್ಟು ಬಿಸಿನೀರು ಸಿಗದೆ ಹೋದರೆ ನಷ್ಟ ಭರಿಸಲು ಸರ್ಕಾರವೇ ನಿಧಿ ಕಟ್ಟಿತು. ಆಮೇಲೆ ಕಷ್ಟ ಶುರುವಾಯಿತು. ನೀರಿನಲ್ಲಿದ್ದ ಗಂಧಕದ ಸಂಯುಕ್ತಗಳು ಉಕ್ಕಿನ ಕೊಳವೆಗಳನ್ನು ತಿಂದವು, ತಿಂದದ್ದು ಕಿಟ್ಟವಾಗಿ ಒಳಗೇ ಕಟ್ಟಿಕೊಂಡಿತು. ಅದೇ ಹೊತ್ತಿಗೆ ತೈಲದ ಬೆಲೆಯೂ ಇಳಿಯಿತು. ಹಲವು ಬಾವಿಗಳು ಮುಚ್ಚಿದವು. ಉಳಿದವನ್ನು ಕಾಪಾಡಿದ್ದು ತಳದವರೆಗೆ ಇಳಿಬಿಟ್ಟ ಒಂದು ಸಣ್ಣ ಕೊಳವೆ; ಸವೆತ ತಡೆಯುವ ರಾಸಾಯನಿಕವನ್ನು ಅದರ ಮೂಲಕ ನೀರು ಹೊರಡುವ ಜಾಗದಲ್ಲೇ ಬೆರೆಸುತ್ತಾರೆ.

ಮೆಲೂನಿನವರು ಬಿಟ್ಟುಕೊಡಲಿಲ್ಲ. 1995ರಲ್ಲಿ ಅಲ್ಲಿ ಸವೆಯದ ನಾರುಗಾಜಿನ ಕೊಳವೆಯಿಟ್ಟು ಹೊಸ ಬಾವಿ ತೋಡಿದರು. ಹಳೆಯ ಎರಡೂ ಬಾವಿಗಳನ್ನು ನೀರು ಮರಳಿಸುವ ಕೆಲಸಕ್ಕೆ ಬಿಟ್ಟರು.