ಮಳೆಗೆ ತಕ್ಕ ಕಾಡು, ಕಾಡಿಗೆ ತಕ್ಕ ಮಂಗ



ಮಂಗ ಅಂದ ಕೂಡಲೇ ನಮಗೆ ಏನು ನೆನಪಾಗುತ್ತೆ? ಒಣಗಲು ಹಾಕಿದ ಹಪ್ಪಳ ಎತ್ತಿಕೊಂಡು ಓಡುವ ಕೋತಿ. ಆದರೆ ಮಂಗನ ಬಳಗ ದೊಡ್ಡದು. ನಮ್ಮ ರಾಜ್ಯದಲ್ಲೇ ಕೋತಿ, ಮುಸುವ, ಸಿಂಗಳೀಕ, ಕಾಡುಪಾಪ ಇವೆ. ಇಷ್ಟೊಂದು ಬಗೆ ಯಾಕೆ?

ನಮ್ಮ ಅಡುಗೆಯನ್ನೇ ನೋಡೋಣ. ಮಳೆ ಹೆಚ್ಚಿರುವ ಮಲೆನಾಡಿನಲ್ಲಿ ಅಕ್ಕಿ ರೊಟ್ಟಿ. ಮಳೆ ಕಡಿಮೆ ಇರುವ ತುಮಕೂರಿನ ಕಡೆ ರಾಗಿ ಮುದ್ದೆ. ಮಳೆಗೆ ತಕ್ಕ ಬೆಳೆ, ಬೆಳೆಗೆ ತಕ್ಕ ಊಟ. ಮಂಗಗಳ ಕತೆಯೂ ಹೀಗೇ.

ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುತ್ತೆ. ಇಂಥ ಮಳೆಯಿಂದ ಘಟ್ಟದ ಕಾಡು ಸದಾ ಹಸಿರು. ಒಂದು ಮರದ ಹಣ್ಣು ಮುಗಿದರೆ ಇನ್ನೊಂದು ಮರ ಹಣ್ಣು ಬಿಡುತ್ತೆ. ಅದನ್ನೇ ನಂಬಿದ್ದು ಸಿಂಗಳೀಕ. ಮೈ ಕಪ್ಪು. ಮುಖದ ಸುತ್ತ ಬಿಳಿ ಕೂದಲು. ನೆಲಕ್ಕೆ ಇಳಿಯುವುದು ಅಪರೂಪ. ಕರ್ನಾಟಕ, ಕೇರಳ, ತಮಿಳುನಾಡಿನ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಅದಿಲ್ಲ.

ತುಮಕೂರಿನ ಕಡೆ ಮಳೆ ಸುಮಾರು 600 ಮಿಲಿಮೀಟರ್. ಅಲ್ಲಿ ಜಾಲಿ, ಕುರುಚಲು ಗಿಡ. ವರ್ಷವಿಡೀ ಹಣ್ಣು ಎಲ್ಲಿಂದ ಬರಬೇಕು? ಅಲ್ಲಿ ಕಾಡುಪಾಪ ಬದುಕಿದೆ. ಗೇಣುದ್ದದ ಮೈ, ದೊಡ್ಡ ಕಣ್ಣು. ಬಾಲ ಇಲ್ಲ. ರಾತ್ರಿ ಮೆಲ್ಲಗೆ ನಡೆದು ಹುಳ ಹಿಡಿದು ತಿನ್ನುತ್ತೆ. ಅದನ್ನು ಕಂಡರೆ ಕೆಡುಕು ಅಂತ ಕೆಲವರು ಹೇಳ್ತಾರೆ. ಅದನ್ನು ನಂಬೋದು ಬೇಡ.

ಮುಸುವ ಬರೀ ಎಲೆ ತಿಂದೂ ಬೇಸಿಗೆ ಕಳೆಯುತ್ತೆ. ಕೋತಿ ಸಿಕ್ಕಿದ್ದೆಲ್ಲ ತಿನ್ನುತ್ತೆ. ಅದಕ್ಕೇ ಇವೆರಡೂ ಮಳೆನಾಡಿನಲ್ಲೂ ಇವೆ, ಬಯಲು ಸೀಮೆಯಲ್ಲೂ ಇವೆ.

ಸಿಂಗಳೀಕಕ್ಕೆ ಆ ಅನುಕೂಲ ಇಲ್ಲ. ಮಳೆ ಹಿಂದುಮುಂದಾದರೆ ಹಣ್ಣೂ ಹಿಂದುಮುಂದು. ಆಗ ಹಣ್ಣಿರುವ ಕಡೆಗೆ ಹೋಗಲು ಕೊಂಬೆಗಳೇ ದಾರಿ. ನಡುವೆ ಮರ ಕಡಿದರೆ ಆ ದಾರಿ ಮುಚ್ಚಿತು.

ಶಿರಸಿ, ಸಿದ್ದಾಪುರದ ಕಡೆ ಅಕ್ಕತಂಗಿಯರು ಮಳೆಗಾಲದಲ್ಲಿ ಉಪ್ಪಾಗೆ ತರ್ತಾರೆ. ಸಿಪ್ಪೆಯನ್ನು ಬೆಂಕಿಯ ಕಾವಿನಲ್ಲಿ ಒಣಗಿಸಿ ಮಾರ್ತಾರೆ. ಮನೆಗೆ ನಾಲ್ಕು ಕಾಸು ಬರುತ್ತೆ. ಆದರೆ ಉಪ್ಪಾಗೆ ಸಿಂಗಳೀಕದ ಊಟವೂ ಹೌದು. 2011ರಲ್ಲಿ ಸರ್ಕಾರ ಅಘನಾಶಿನಿ ಕಣಿವೆಯ ಕಾಡನ್ನು ಸಿಂಗಳೀಕದ ರಕ್ಷಣೆಗೆ ಮೀಸಲಿಟ್ಟಿತು. ಸರ್ಕಾರದ ಕೆಲಸ ಸರ್ಕಾರ ಮಾಡಲಿ. ನಮ್ಮ ಕೆಲಸ ನಾವು ಮಾಡೋಣ.

ಉಪ್ಪಾಗೆ ಕೊಯ್ಯಲೇಬೇಡಿ ಅಂತ ನಾವು ಹೇಳಲ್ಲ. ಕೊಂಬೆ ಕಡಿಯದೆ ಕೊಯ್ಯೋಣ. ಮೇಲಿನ ಕೊಂಬೆಯ ಹಣ್ಣು ಬಿಟ್ಟು ಬರೋಣ. ಮರ ಉಳಿದರೆ ನಮಗೂ ಮುಂದಿನ ವರ್ಷ ಹಣ್ಣು ಸಿಗುತ್ತೆ, ಸಿಂಗಳೀಕಕ್ಕೂ ಸಿಗುತ್ತೆ. ಅಲ್ವಾ?