ಕಾಶ್ಮೀರದ ಅಂಬರಿ ಸೇಬು



ಸೇಬೆಂದರೆ ಕಾಶ್ಮೀರದ್ದೇ ಎಂದು ನಮ್ಮೂರ ಹಣ್ಣಿನಂಗಡಿಯವರು ಹೇಳುವುದುಂಟು. ಮಾತು ಸುಳ್ಳಲ್ಲ. ಆದರೆ ಅಲ್ಲಿಂದ ಬರುವ ಕಡುಗೆಂಪು ಹಣ್ಣಿನ ಕುಲ ಬಹುಮಟ್ಟಿಗೆ ಅಮೆರಿಕದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಯೋವಾ ಪ್ರಾಂತದ ಒಂದು ತೋಟದಲ್ಲಿ ತಾನಾಗಿ ಹುಟ್ಟಿದ ಡೆಲಿಷಸ್ ಜಾತಿಯದು. ಕಾಶ್ಮೀರದ ಸ್ವಂತ ಸೇಬು ಬೇರೆಯುಂಟು. ಅದರ ಹೆಸರು ಅಂಬರಿ.

ನೋಟಕ್ಕೆ ಅಂಬರಿ ಅಷ್ಟೇನೂ ಬೆಡಗಿನದಲ್ಲ. ತುಸು ನೀಳವಾದ ಆಕಾರ. ಹಸುರು ಬೆರೆತ ಹಳದಿ ಸಿಪ್ಪೆಯ ಮೇಲೆ ಕೆಂಪು ಗೆರೆಗಳು. ಅದರ ಹಿರಿಮೆಯೆಲ್ಲ ಕಂಪಿನಲ್ಲಿ, ರುಚಿಯಲ್ಲಿ. ತಿರುಳು ಬಿಳುಪು, ಗಟ್ಟಿ. ಹುಳಿ ಅತ್ಯಲ್ಪವಾದ ಶುದ್ಧ ಸಿಹಿ. ಸೆಪ್ಟೆಂಬರಿನ ಕೊನೆಗೆ, ಅಕ್ಟೋಬರಿನಲ್ಲಿ, ಉಳಿದ ಹಲವು ಜಾತಿಗಳ ಕೊಯ್ಲು ಮುಗಿಯುತ್ತ ಬಂದಾಗ ಇದು ಮಾಗುತ್ತದೆ. ಶೀತಾಗಾರಗಳಿಲ್ಲದ ಕಾಲದಲ್ಲಿಯೂ ಚಳಿಗಾಲದುದ್ದಕ್ಕೂ ಕೆಡದೆ ನಿಲ್ಲುತ್ತಿದ್ದುದೇ ಅಂಬರಿಗೆ ದೊಡ್ಡ ಹೆಸರು ತಂದ ಗುಣ.

ಇಷ್ಟಿದ್ದೂ ಅದು ಹಿಂದೆ ಬಿದ್ದಿತು. ಕಾರಣ ಹಣ್ಣಿನಲ್ಲಿಲ್ಲ, ಮರದಲ್ಲಿದೆ. ಅಂಬರಿ ಎತ್ತರಕ್ಕೆ ಬೆಳೆಯುವ ಮರ. ಫಲಕ್ಕೆ ಬರಲು ಬಹಳ ವರ್ಷ ಹಿಡಿಯುತ್ತದೆ. ಬಂದ ಮೇಲೂ ಒಂದು ವರ್ಷ ತುಂಬಿ ಬಿಟ್ಟರೆ ಮರುವರ್ಷ ಕೈಕೊಡುವುದುಂಟು. ಡೆಲಿಷಸ್ ಬೇಗ ಫಲಿಸುತ್ತದೆ, ಪೇಟೆಯಲ್ಲಿ ಕಣ್ಣನ್ನೂ ಸೆಳೆಯುತ್ತದೆ. ಸಂಸಾರ ಸಾಗಿಸಬೇಕಾದ ತೋಟಗಾರನು ಯಾವುದನ್ನು ನೆಟ್ಟಾನು? ಅವನನ್ನು ದೂರುವುದು ಸಲ್ಲದು.

ಇಲ್ಲಿ ಒಂದು ಸೂಕ್ಷ್ಮವಿದೆ. ಸೇಬಿನ ಬೀಜ ಬಿತ್ತಿದರೆ ತಾಯಿಯಂಥ ಹಣ್ಣು ಬಾರದು. ರಸಪುರಿ, ಬಾದಾಮಿ ಮಾವುಗಳನ್ನು ನಾವು ಕಸಿಯಿಂದ ಉಳಿಸಿಕೊಂಡು ಬಂದಂತೆ, ಅಂಬರಿಯ ಕಡ್ಡಿಯನ್ನು ಮತ್ತೊಂದು ಬೇರಿಗೆ ಕಸಿಮಾಡಿದರೆ ಮಾತ್ರ ಅಂಬರಿ. ಕಸಿ ಮಾಡುವವರು ನಿಂತುಹೋದರೆ, ಕೊನೆಯ ಮರದೊಂದಿಗೆ ಆ ಕುಲವೂ ಮುಗಿಯಿತು. ಹೊಲದಲ್ಲಿ ಎಷ್ಟು ಬೀಜ ಬಿದ್ದಿದ್ದರೂ ಪ್ರಯೋಜನವಿಲ್ಲ.

ಕಾಶ್ಮೀರದ ತೋಟಗಾರಿಕೆ ತಜ್ಞರು ಕೈಕಟ್ಟಿ ಕುಳಿತಿಲ್ಲ. ಅಂಬರಿಯನ್ನು ರೆಡ್ ಡೆಲಿಷಸ್ಸಿನೊಡನೆ ಕೂಡಿಸಿ ಲಾಲ್ ಅಂಬರಿಯನ್ನೂ, ಗೋಲ್ಡನ್ ಡೆಲಿಷಸ್ಸಿನೊಡನೆ ಕೂಡಿಸಿ ಸುನೆಹರಿಯನ್ನೂ ಪಡೆದಿದ್ದಾರೆ. ಮೂಲ ಅಂಬರಿಯ ಹಳೆಯ ಮರಗಳು ಶೋಪಿಯಾನಿನ ಕಡೆ ಇನ್ನೂ ಉಂಟು. ಅಕ್ಟೋಬರಿನಲ್ಲಿ ಆ ಕಣಿವೆಗೆ ಹೋಗುವವರು ಬರಿಯ ಸೇಬೆಂದು ಕೇಳದೆ, ಅಂಬರಿಯೆಂದು ಹೆಸರು ಹಿಡಿದು ಕೇಳಬೇಕು.