ಬೀದಿಯಲ್ಲಿ ಬಾವುಟ



ಜಾತ್ರೆಗಳಲ್ಲಿ ನಂದಿಕೋಲು ಕುಣಿತವನ್ನು ನೀವು ನೋಡಿರಬಹುದು. ಹಿತ್ತಾಳೆ ಬಿಲ್ಲೆ, ಗೆಜ್ಜೆ, ಬಣ್ಣದ ಬಾವುಟಗಳಿಂದ ಸಿಂಗರಿಸಿದ ಎತ್ತರದ ಬಿದಿರು ಕೋಲು ಅದು. ಕುಣಿಯುವಾತ ಸೊಂಟಕ್ಕೆ ಕಟ್ಟಿದ ಪಟ್ಟಿಯಲ್ಲಿ ಕೋಲಿನ ಬುಡವನ್ನು ನಿಲ್ಲಿಸಿಕೊಂಡು, ತೂಕ ತಪ್ಪದಂತೆ ಹೆಜ್ಜೆ ಹಾಕುತ್ತಾನೆ. ಮೈಸೂರಿನ ಜಂಬೂ ಸವಾರಿ ಆರಂಭವಾಗುವುದೂ ನಂದಿಧ್ವಜದ ಪೂಜೆಯಿಂದಲೇ. ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿಯ ವೇಳೆಗೆ ಏಳು ನಂದಿಧ್ವಜಗಳು ಹೊರಡುತ್ತವೆ. ಧ್ವಜ ಹಿಡಿದು ಬೀದಿಯಲ್ಲಿ ಕುಣಿಯುವುದು ನಮಗೆ ಹೊಸತಲ್ಲ.

ಇಂದು ನಾನು ಹೇಳಲಿರುವುದು ಇನ್ನೊಂದು ಬಗೆಯ ಧ್ವಜ ಕುಣಿತದ ವಿಚಾರ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 1978ರ ಜೂನ್ 25ರಂದು ಸಲಿಂಗಿಗಳ ದೊಡ್ಡ ಮೆರವಣಿಗೆಯೊಂದು ನಡೆಯಿತು. ಗಿಲ್ಬರ್ಟ್ ಬೇಕರ್ ಮತ್ತು ಅವರ ಸಂಗಡಿಗರು ಕೈಯಿಂದಲೇ ಬಣ್ಣ ಹಾಕಿ ಹೊಲಿದ, ಎಂಟು ಬಣ್ಣಗಳ ಕಾಮನಬಿಲ್ಲಿನ ಬಾವುಟ ಅಂದು ಮೊದಲ ಬಾರಿಗೆ ಹಾರಿತು. ಈಗ ಎಲ್ಲೆಡೆ ಕಾಣುವುದು ಅದರ ಆರು ಬಣ್ಣಗಳ ರೂಪ. ಅದೇ ಮೆರವಣಿಗೆಯಲ್ಲಿ ಸಂಗೀತ ಅಧ್ಯಾಪಕ ಜಾನ್ ಸಿಮ್ಸ್ ಕಟ್ಟಿದ ಬ್ಯಾಂಡ್ ತಂಡವೂ ಹೆಜ್ಜೆ ಹಾಕಿತು. ಆ ಬ್ಯಾಂಡಿನ ಹೆಸರಿನಲ್ಲಿಯೇ 'ಟ್ವಿರ್ಲಿಂಗ್ ಕೋರ್', ಅಂದರೆ ಕೋಲು ತಿರುಗಿಸುವವರ ಪಡೆ ಎಂಬ ಮಾತು ಸೇರಿತ್ತು.

ಬಾವುಟ ತಿರುಗಿಸುವ ಈ ಕಲೆ ಸೈನ್ಯದ ಧ್ವಜಪಡೆಯಿಂದ ಶಾಲೆಗಳ ಬ್ಯಾಂಡಿಗೆ ಬಂದದ್ದು. ಕೋಲು ಹಗುರ, ಬಟ್ಟೆ ತೆಳುವು. ಆದರೆ ಕೈ ಒಂದಿಷ್ಟು ತಡವಾದರೂ ಬಟ್ಟೆ ಕೋಲಿಗೆ ಸುತ್ತಿಕೊಳ್ಳುತ್ತದೆ. ಸಾಲಿನಲ್ಲಿ ಒಬ್ಬರು ತಾಳ ತಪ್ಪಿದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದ್ದರಿಂದ ಇಲ್ಲಿ ಒಬ್ಬೊಬ್ಬರ ಕೌಶಲಕ್ಕಿಂತ ಕೂಡಿ ಮಾಡುವ ಅಭ್ಯಾಸವೇ ಮುಖ್ಯ.

ಮೆರವಣಿಗೆಯಲ್ಲಿ ಇಂಥ ಕುಣಿತ ಏಕೆ ಬೇಕು? ಮುಖ ಮುಚ್ಚಿಕೊಂಡು ಬದುಕಬೇಕಾದ ಜನ ಹಗಲು ಬೆಳಕಿನಲ್ಲಿ, ಎಲ್ಲರೆದುರು, ತಾವು ಚೆನ್ನಾಗಿ ಬಲ್ಲ ಕೆಲಸವೊಂದನ್ನು ಮಾಡಿ ತೋರಿಸುತ್ತಾರೆ. ನೋಡುವವರ ಕುತೂಹಲ ನಿಧಾನವಾಗಿ ಮೆಚ್ಚುಗೆಯಾಗುತ್ತದೆ. ನಮ್ಮ ದೇಶದಲ್ಲಿ ಇಂಥ ಮೊದಲ ನಡಿಗೆ 1999ರ ಜುಲೈ 2ರಂದು ಕೋಲ್ಕತ್ತದಲ್ಲಿ ನಡೆಯಿತು. ಬೆಂಗಳೂರಿನಲ್ಲಿ 2008ರ ಜೂನ್ 29ರಂದು ನಡೆಯಿತು.

ಇದು ದೂರದ ಊರುಗಳ ಮಾತು, ನಮಗೇನು ಸಂಬಂಧ ಎಂದು ನೀವು ಕೇಳಬಹುದು. ರಾಯಚೂರು, ಮಾನ್ವಿ, ದೇವದುರ್ಗಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ನಿಜಾಮರ ಆ ರಾಜ್ಯದಲ್ಲಿ 1919ರಲ್ಲಿ, ಅಂದರೆ ಫಸಲಿ 1329ರಲ್ಲಿ, ಹಿಜಡಾ ಸಮುದಾಯದವರ ಮೇಲೆ ಒಂದು ಕಾಯ್ದೆ ಬಂತು. ಅವರ ಹೆಸರುಗಳನ್ನು ದಫ್ತರದಲ್ಲಿ ಬರೆದಿಡಬೇಕು. ಹಾಗೆ ಹೆಸರು ದಾಖಲಾದವರು ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಂಡರೆ, ಅಥವಾ ಬೀದಿಯಲ್ಲಿ ಕುಣಿದರೆ, ವಾರಂಟು ಇಲ್ಲದೆಯೇ ಹಿಡಿಯಬಹುದು. ಎರಡು ವರ್ಷದವರೆಗೆ ಸೆರೆವಾಸವನ್ನೂ ವಿಧಿಸಬಹುದು. ಬೀದಿಯಲ್ಲಿ ಕುಣಿಯುವುದೇ ಅಪರಾಧ! ತೆಲಂಗಾಣದಲ್ಲಿ ಉಳಿದುಕೊಂಡಿದ್ದ ಈ ಕಾಯ್ದೆಯನ್ನು ಅಲ್ಲಿನ ಹೈಕೋರ್ಟು ರದ್ದುಗೊಳಿಸಿದ್ದು 2023ರಲ್ಲಿ.

ಹೀಗಿದ್ದರೂ ನಮ್ಮ ಸೀಮೆಯಲ್ಲಿ ಒಂದು ಕುಣಿತ ಉಳಿದು ಬಂದಿದೆ. ಅದು ಯಲ್ಲಮ್ಮನ ಹೆಸರಿನ ಜೋಗತಿಯರ ಕುಣಿತ. ಮಾನ್ವಿ ತಾಲ್ಲೂಕಿನ ನೀರಮಾನ್ವಿಯ ಯಲ್ಲಮ್ಮ ನಿಮಗೆ ತಿಳಿದವಳೇ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವ ಜೋಗಪ್ಪಂದಿರು ದೇವಿಯ ಮುಖವಿರುವ ಕೊಡವನ್ನು ತಲೆಯ ಮೇಲೆ ಹೊತ್ತು, ಕೈ ಹಿಡಿಯದೆ, ಚೌಡಿಕೆಯ ನಾದಕ್ಕೆ ಕುಣಿಯುತ್ತಾರೆ. ಕೊಡ ಹೊತ್ತಿರುವಷ್ಟು ಹೊತ್ತು ಊರಿನ ಜನ ಅವರಿಗೆ ಕೈ ಮುಗಿಯುತ್ತಾರೆ. ಕೊಡ ಇಳಿಸಿದ ಮೇಲೆ? ಬಾಡಿಗೆಗೆ ಮನೆ ಸಿಗುವುದಿಲ್ಲ, ಕೂಲಿಗೆ ಕರೆಯುವವರಿಲ್ಲ. ದೇವಿಗೆ ಸಿಕ್ಕಿದ ಮರ್ಯಾದೆ ಹೊತ್ತವರ ಪಾಲಿಗೆ ಬರುವುದಿಲ್ಲ. ಈ ಪದ್ಧತಿಯನ್ನು ಬರಿಯ ವೈಭವವೆಂದು ಹೊಗಳುವಂತೆಯೂ ಇಲ್ಲ. ಯಲ್ಲಮ್ಮನ ಹೆಸರಿನಲ್ಲಿಯೇ ಬಡವರ ಮನೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದರು. ಅದನ್ನು ತಡೆಯಲು ಕರ್ನಾಟಕ 1982ರಲ್ಲಿ ಕಾನೂನನ್ನೇ ತರಬೇಕಾಯಿತು.

ಈ ಕುಣಿತವನ್ನು ಕಲೆಯೆಂದು ನಾಡಿಗೆ ತೋರಿಸಿದವರಲ್ಲಿ ಮಂಜಮ್ಮ ಜೋಗತಿ ಪ್ರಮುಖರು. ಮನೆಯಿಂದ ಹೊರಬಿದ್ದು, ಭಿಕ್ಷೆ ಬೇಡಿ, ಕಾಳವ್ವ ಜೋಗತಿಯವರ ತಂಡದಲ್ಲಿ ಪಳಗಿದವರು ಅವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಕೊಡ ಇಳಿಸಿದ ಮೇಲೂ ಅವರಿಗೆ ಕುರ್ಚಿ ಸಿಕ್ಕಿತು ಎಂಬುದನ್ನು ಗಮನಿಸಬೇಕು.

ಕಾನೂನೂ ಬದಲಾಗಿದೆ. 2014ರಲ್ಲಿ ಸುಪ್ರೀಂ ಕೋರ್ಟು ತೃತೀಯ ಲಿಂಗಿಗಳ ಹಕ್ಕನ್ನು ಗುರುತಿಸಿತು. 2018ರಲ್ಲಿ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೇರ ನೇಮಕಾತಿಯಲ್ಲಿ ಅವರಿಗೆ ಶೇಕಡ 1ರ ಮೀಸಲಾತಿ ನೀಡಿತು. ಮರುವರ್ಷ ಶಿಕ್ಷಕರ ಆಯ್ಕೆಯಲ್ಲಿ ಈ ಸಮುದಾಯದ ಮೂವರ ಹೆಸರು ಬಂತು. ಅವರಲ್ಲೊಬ್ಬರು ರಾಯಚೂರು ಜಿಲ್ಲೆಯವರು.

ಮಿತ್ರರೇ, ಬಾವುಟ ತಿರುಗಿಸುವವರಿಗೆ ಚಪ್ಪಾಳೆ ಹೊಡೆಯುವುದು ಸುಲಭ. ಕೊಡ ಹೊತ್ತವರಿಗೆ ಕೈ ಮುಗಿಯುವುದೂ ಸುಲಭ. ಮೆರವಣಿಗೆ ಮುಗಿದ ಮರುದಿನ ಅವರು ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟಿಗೆ ಬಂದಾಗ ನಾವು ಏನು ಮಾಡುತ್ತೇವೆ ಎಂಬುದೇ ಪ್ರಶ್ನೆ. ನಿಮ್ಮ ತರಗತಿಯಲ್ಲಿಯೂ ನಡಿಗೆಗಾಗಿ, ದನಿಗಾಗಿ ದಿನವೂ ಗೇಲಿಗೆ ಒಳಗಾಗುವ ಒಬ್ಬ ಹುಡುಗ ಅಥವಾ ಹುಡುಗಿ ಇರಬಹುದು. ಗೇಲಿ ತಾಳದೆ ಓದು ಬಿಟ್ಟವರು ಕಡಿಮೆಯಿಲ್ಲ. ಅಂಥ ಗೆಳೆಯರನ್ನು ನಾಳೆ ಅವರ ಹೆಸರು ಹಿಡಿದು ಕರೆಯಿರಿ, ನಿಮ್ಮ ಬೆಂಚಿನಲ್ಲಿ ಜಾಗ ಕೊಡಿ. ಅದಕ್ಕೆ ಬಾವುಟವೂ ಬೇಕಿಲ್ಲ, ಬ್ಯಾಂಡೂ ಬೇಕಿಲ್ಲ.